ಅಳಿಸಿ ಹೋದ ಬ್ರೌಸಿಂಗ್ ಹಿಸ್ಟರಿ ವಾಪಸ್ ಸಿಗುತ್ತಾ? ನಾಲ್ಕು ಜನ ಬಳಸುವ ಕಂಪ್ಯೂಟರ್, ಸೋಮವಾರ ವರದಿ ಕೊಡಬೇಕು

ಲೆಕ್ಕದ ಮೇಜು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಒಂದು ಸಣ್ಣ ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಾಲ್ಕು ಜನಕ್ಕೆ ಸೇರಿ ಒಂದೇ ಕಂಪ್ಯೂಟರ್. ವಿಂಡೋಸ್ 10, ಬ್ರೌಸರ್ ಕ್ರೋಮ್. ಲಾಗಿನ್ ಒಂದೇ, ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ಹೋದ ವಾರ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ನಾವ್ಯಾರೂ ಕೇಳದ ಒಂದು ಇನ್‌ಸ್ಟಾಲರ್ ಕಾಣಿಸಿತು. ಆಂಟಿವೈರಸ್ ಎಚ್ಚರಿಕೆ ಕೊಟ್ಟಿತು. ಫೈಲ್ ಇನ್ನೂ ಅಲ್ಲೇ ಇದೆ, ಯಾರೂ ತೆರೆದಿಲ್ಲ. ಎಲ್ಲಿಂದ ಬಂತು ಅಂತ ಹಿಸ್ಟರಿ ತೆಗೆದು ನೋಡಿದರೆ ಅವತ್ತಿನ ಬೆಳಗಿನದು ಮಾತ್ರ ಇದೆ. ಅದರ ಹಿಂದಿನದು ಒಂದು ಸಾಲೂ ಇಲ್ಲ.

ಮೂರು ವಾರದ ಹಿಂದೆ ಒಬ್ಬ ಹುಡುಗ ಹೊಸದಾಗಿ ಸೇರಿದ್ದಾನೆ. ಈಗ ಎಲ್ಲರ ಕಣ್ಣೂ ಅವನ ಮೇಲೆ. "ಅಳಿಸಿದ್ದಾನೆ ಅಂದಮೇಲೆ ಮುಚ್ಚಿಡೋದು ಏನೋ ಇದೆ" ಅನ್ನುತ್ತಿದ್ದಾರೆ ಮೇಲಿನವರು. ಅವನು ನಾನಲ್ಲ ಅನ್ನುತ್ತಾನೆ. ಕಂಪ್ಯೂಟರ್ ಸ್ವಲ್ಪ ತಿಳಿದವಳು ಅಂತ ಪರಿಶೀಲನೆ ನನ್ನ ತಲೆಗೆ ಬಂದಿದೆ. ಸೋಮವಾರದೊಳಗೆ ವರದಿ ಕೊಡಬೇಕು. ಒಬ್ಬರ ಕೆಲಸದ ಪ್ರಶ್ನೆ ಇದು, ಅಂದಾಜಿನ ಮೇಲೆ ಬರೆಯೋಕೆ ನನಗೆ ಮನಸ್ಸಿಲ್ಲ. ಅಳಿಸಿದ ಹಿಸ್ಟರಿಯನ್ನು ವಾಪಸ್ ತರಬಹುದಾ? ತಂದರೆ ಯಾರು ಅಂತ ಗೊತ್ತಾಗುತ್ತಾ?

ಡಿಸ್ಕ್ ಕೆಲಸದವನು

ಮೇಡಂ, ಮೊದಲು ಒಂದು ಮಾತು. ಆ ಕಂಪ್ಯೂಟರ್ ಮೇಲೆ ಇನ್ನು ಬೇರೆ ಕೆಲಸ ಬೇಡ. ಬ್ರೌಸರ್ ತೆರೆಯಬೇಡಿ, ಅಪ್‌ಡೇಟ್ ಹಾಕಬೇಡಿ. ಮುಖ್ಯವಾಗಿ, ರಿಕವರಿ ಸಾಫ್ಟ್‌ವೇರ್ ಅಂತ ಸಿಕ್ಕಿದ್ದನ್ನೆಲ್ಲ ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡಬೇಡಿ. ಹುಡುಕುತ್ತಿರುವ ವಸ್ತುವಿನ ಮೇಲೆ ನೀವೇ ಮಣ್ಣು ಹಾಕಿದ ಹಾಗೆ ಆಗುತ್ತದೆ.

ಈಗ ವಿಷಯ. ಕ್ರೋಮ್ ತನ್ನ ಹಿಸ್ಟರಿಯನ್ನು ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಫೈಲ್‌ನಲ್ಲಿ ಇಡುತ್ತದೆ. ಯೂಸರ್ ಡೇಟಾ ಫೋಲ್ಡರ್, ಅದರೊಳಗೆ ಡಿಫಾಲ್ಟ್, ಅದರೊಳಗೆ ಹಿಸ್ಟರಿ ಅಂತಲೇ ಹೆಸರಿರುವ, ಎಕ್ಸ್‌ಟೆನ್ಷನ್ ಇಲ್ಲದ ಫೈಲ್. ಯಾರೂ ಅಳಿಸದಿದ್ದರೂ ಅದರಲ್ಲಿ ಸುಮಾರು 90 ದಿನದ್ದು ಮಾತ್ರ ಇರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇದೇ ಕೆಲಸವನ್ನು ಪ್ಲೇಸಸ್ ಅನ್ನುವ ಫೈಲ್ ಮಾಡುತ್ತದೆ.

ಎಸ್‌ಕ್ಯೂಲೈಟ್‌ನಲ್ಲಿ ಒಂದು ಸಾಲು ಅಳಿಸಿದರೆ ಸಾಮಾನ್ಯವಾಗಿ ಆ ಜಾಗಕ್ಕೆ 'ಖಾಲಿ' ಅಂತ ಗುರುತು ಬೀಳುತ್ತದೆ, ಅಷ್ಟೇ. ಹೊಸ ಸಾಲು ಬಂದು ಕೂರುವ ತನಕ ಹಳೆಯ ಅಕ್ಷರ ಅಲ್ಲೇ ಇರುತ್ತದೆ. ಹಳೆಯ ಲೇಖನಗಳಲ್ಲಿ 'ಅಳಿಸಿದ್ದನ್ನು ಸುಲಭವಾಗಿ ತೆಗೆಯಬಹುದು' ಅಂತ ಬರೆಯುವುದು ಇದೇ ಕಾರಣಕ್ಕೆ. ಆದರೆ ಈಗಿನ ಕ್ರೋಮ್, ಫೈರ್‌ಫಾಕ್ಸ್ ಎರಡೂ ಸೆಕ್ಯೂರ್ ಡಿಲೀಟ್ ಅನ್ನುವ ಏರ್ಪಾಡಿನ ಜೊತೆಗೆ ಬರುತ್ತವೆ. ಅಳಿಸಿದ ಜಾಗದ ಮೇಲೆ ಸೊನ್ನೆ ಬರೆದುಬಿಡುತ್ತವೆ. ಹಾಗಾಗಿ ಅದೇ ಫೈಲ್ ಒಳಗೆ ಕೆದಕಿದರೆ ಸಿಗುವುದು ತುಂಬಾ ಕಡಿಮೆ. ಸುಳ್ಳು ಭರವಸೆ ಕೊಡುವುದಿಲ್ಲ.

ಡಿಸ್ಕ್ ಯಾವುದು, ಚಿಪ್‌ನಲ್ಲಿ ಬರೆಯುವ ಹೊಸ ತರಹದ ಎಸ್‌ಎಸ್‌ಡಿಯೋ, ತಿರುಗುವ ಹಳೇ ಹಾರ್ಡ್ ಡಿಸ್ಕೋ?

ಲೆಕ್ಕದ ಮೇಜು

ಎಸ್‌ಎಸ್‌ಡಿ. ಹೋದ ವರ್ಷ ಹಾಕಿಸಿದ್ದು. ಮಷೀನ್ ಆಫ್ ಮಾಡಿ, ಮೇಲೆ ಚೀಟಿ ಅಂಟಿಸಿ ಬಂದಿದ್ದೇನೆ.

ಡಿಸ್ಕ್ ಕೆಲಸದವನು

ಒಳ್ಳೇದಾಯಿತು. ಆದರೆ ಎಸ್‌ಎಸ್‌ಡಿ ಅಂದಮೇಲೆ ಡಿಸ್ಕ್ ಮಟ್ಟದಲ್ಲಿ ಹುಡುಕುವ ದಾರಿಯೂ ಬಹುಪಾಲು ಮುಚ್ಚಿದ ಹಾಗೆ. ಹಳೇ ಹಾರ್ಡ್ ಡಿಸ್ಕಿನಲ್ಲಿ ಫೈಲ್ ಅಳಿಸಿದರೂ ಒಳಗಿನ ಬೈಟ್‌ಗಳು ತಿಂಗಳುಗಟ್ಟಲೆ ಉಳಿಯಬಹುದು. ಎಸ್‌ಕ್ಯೂಲೈಟ್ ಫೈಲ್‌ಗಳೆಲ್ಲ ಒಂದೇ ತರಹದ 16 ಬೈಟ್‌ಗಳಿಂದ ಶುರುವಾಗುತ್ತವೆ. ಫೋಟೋರೆಕ್, ಆಟೋಪ್ಸಿ ತರಹದ ಸಾಧನಗಳು ಅಂಥ ಗುರುತು ಹಿಡಿದು ಖಾಲಿ ಜಾಗದಲ್ಲಿ ಹಳೆಯ ಫೈಲ್ ಹುಡುಕುತ್ತವೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಇರುತ್ತದೆ. ಯಾವ ಜಾಗ ಬೇಡವಾಯಿತು ಅಂತ ವಿಂಡೋಸ್ ಡಿಸ್ಕಿಗೆ ಹೇಳುತ್ತದೆ, ಡಿಸ್ಕ್ ತನ್ನ ಪಾಡಿಗೆ ಅದನ್ನು ಗುಡಿಸಿ ಹಾಕುತ್ತದೆ. ಆಮೇಲೆ ಓದಿದರೆ ಬರೀ ಸೊನ್ನೆ.

ಅದಕ್ಕೇ ಅಳಿಸಿದ್ದನ್ನು ಎಬ್ಬಿಸುವ ಆಸೆ ಬಿಟ್ಟು, ಅಳಿಸದೇ ಉಳಿದದ್ದು ಏನಿದೆ ಅಂತ ನೋಡಿ.

ಸರ್ವರ್ ಕೋಣೆ

ಡಿಸ್ಕ್ ಕೆಲಸದವರು ಹೇಳಿದ್ದು ಸರಿ. ನಾನು ಇಂಥ ಪರಿಶೀಲನೆ ಹಲವು ಸಲ ಮಾಡಿದ್ದೇನೆ. ಹಿಸ್ಟರಿ ಒಂದೇ ಕಡೆ ಇರುತ್ತದೆ ಅಂದುಕೊಂಡು ಜನ ಅದನ್ನು ಅಳಿಸುತ್ತಾರೆ. ಆದರೆ ಕಂಪ್ಯೂಟರ್ ಒಂದೇ ವಿಷಯವನ್ನು ನಾಲ್ಕಾರು ಕಡೆ ಬೇರೆ ಬೇರೆ ಕಾರಣಕ್ಕೆ ಬರೆದಿಟ್ಟುಕೊಂಡಿರುತ್ತದೆ.

ಬ್ರೌಸರ್ ಒಳಗೇ ನೋಡಿ. ಹಿಸ್ಟರಿ ಮಾತ್ರ ಟಿಕ್ ಮಾಡಿ ಅಳಿಸಿದ್ದರೆ ಕುಕೀಗಳು, ಫಾರ್ಮ್‌ನಲ್ಲಿ ಹಿಂದೆ ತುಂಬಿದ್ದು, ಸೇವ್ ಆದ ಪಾಸ್‌ವರ್ಡ್‌ಗಳು ಹಾಗೇ ಉಳಿಯುತ್ತವೆ. ಯಾವ ಸೈಟಿಗೆ ಕ್ಯಾಮೆರಾ ಅಥವಾ ನೋಟಿಫಿಕೇಷನ್ ಅನುಮತಿ ಕೊಟ್ಟಿದ್ದರು ಅನ್ನುವುದು ಪ್ರಿಫರೆನ್ಸಸ್ ಫೈಲ್‌ನಲ್ಲಿ ಇರುತ್ತದೆ. ತೆರೆದಿದ್ದ ಟ್ಯಾಬ್‌ಗಳ ಲೆಕ್ಕ ಸೆಷನ್ಸ್ ಫೋಲ್ಡರ್‌ನಲ್ಲಿ. ಫೈರ್‌ಫಾಕ್ಸ್ ಆದರೆ ಸೆಷನ್‌ಸ್ಟೋರ್ ಬ್ಯಾಕಪ್ಸ್ ಫೋಲ್ಡರ್.

ವಿಂಡೋಸ್ ಕಡೆಗೆ ಬಂದರೆ, ಸಿಸ್ಟಮ್ ಪ್ರೊಟೆಕ್ಷನ್ ಆನ್ ಇದ್ದರೆ ಶ್ಯಾಡೋ ಕಾಪಿಗಳು ಇರಬಹುದು. ಆಗಿನ ಕ್ಷಣದಲ್ಲಿ ಇಡೀ ಡ್ರೈವ್ ಹೇಗಿತ್ತೋ ಅದರ ಪಡಿಯಚ್ಚು ಅದು. ಡಿಫಾಲ್ಟ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಪ್ರೀವಿಯಸ್ ವರ್ಷನ್ಸ್ ನೋಡಿ. ಇಂದಿನ ಹಿಸ್ಟರಿ ಫೈಲ್ ಖಾಲಿ ಇದ್ದರೂ ಅಂದಿನ ಫೈಲ್ ಪೂರ್ತಿ ಸಿಗಬಹುದು. ನನ್ನ ಅನುಭವದಲ್ಲಿ ನಿಜವಾಗಿ ಫಲ ಕೊಡುವುದು ಇದೊಂದೇ.

ಆಮೇಲೆ ಪ್ರೀಫೆಚ್ ಫೋಲ್ಡರ್. ಯಾವ ಪ್ರೋಗ್ರಾಂ ಓಡಿತು, ಕೊನೆಯ 8 ಸಲ ಯಾವಾಗ ಓಡಿತು ಅಂತ ಅದರಲ್ಲಿ ಇರುತ್ತದೆ. ಸ್ರಮ್ ಅನ್ನುವ ಇನ್ನೊಂದು ಡೇಟಾಬೇಸ್ ಯಾವ ಪ್ರೋಗ್ರಾಂ ಎಷ್ಟು ಇಂಟರ್ನೆಟ್ ಬಳಸಿತು ಅಂತ ಸುಮಾರು 30ರಿಂದ 60 ದಿನ ನೆನಪಿಡುತ್ತದೆ. ಸೈಟ್ ಹೆಸರು ಹೇಳುವುದಿಲ್ಲ, ಬಳಕೆಯ ಗಾತ್ರ ಹೇಳುತ್ತದೆ. ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನ ಸೆಕ್ಯೂರಿಟಿ ಲಾಗ್‌ನಲ್ಲಿ 4624 ನಂಬರಿನ ಸಾಲು ಅಂದರೆ ಲಾಗಿನ್. ಅದರಲ್ಲಿ ಟೈಪ್ 2 ಇದ್ದರೆ ಮನುಷ್ಯರು ಕೀಬೋರ್ಡ್ ಮುಂದೆ ಕೂತು ಲಾಗಿನ್ ಆದದ್ದು, 7 ಅಂದರೆ ಲಾಕ್ ತೆಗೆದದ್ದು. ಟೈಪ್ 5 ಸಾಲುಗಟ್ಟಲೆ ಬರುತ್ತದೆ, ಅದು ಸರ್ವೀಸ್‌ಗಳದ್ದು, ಬಿಟ್ಟುಬಿಡಿ.

ಸಂಜೆಯ ಬ್ಯಾಚ್

ಡಿಎನ್‌ಎಸ್ ಕ್ಯಾಶ್ (ಸೈಟ್ ಹೆಸರುಗಳ ವಿಳಾಸ ಕೇಳಿಟ್ಟುಕೊಂಡ ತಾತ್ಕಾಲಿಕ ಪಟ್ಟಿ) ನೋಡಿದರೆ ಸಾಕಲ್ವಾ? ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದು ಸಾಲು ಕೊಟ್ಟರೆ ಹೋದ ಸೈಟ್‌ಗಳೆಲ್ಲ ಬರುತ್ತವೆ ಅಂತ ಎಲ್ಲೋ ನೋಡಿದ ನೆನಪು.

ಸರ್ವರ್ ಕೋಣೆ

ಆ ಸಲಹೆ ಎಲ್ಲ ಕಡೆ ಓಡಾಡುತ್ತದೆ. ಆದರೆ ಕಂಪ್ಯೂಟರ್ ಆಫ್ ಆದರೆ ಆ ಕ್ಯಾಶ್ ಹೋಯಿತು. ಆನ್ ಇದ್ದರೂ ಒಂದೊಂದು ಹೆಸರಿಗೆ ಒಂದೊಂದು ಅವಧಿ, ಕೆಲವು ನಿಮಿಷಗಳಲ್ಲೇ ಉದುರಿ ಹೋಗುತ್ತವೆ. ಇನ್ನೊಂದು ತೊಂದರೆ, ಅದರಲ್ಲಿ ಇರುವುದೆಲ್ಲ ಮನುಷ್ಯರು ತೆರೆದದ್ದಲ್ಲ. ಒಂದು ಸುದ್ದಿ ಪುಟ ತೆರೆದರೆ ಅದರ ಹಿಂದೆ ಹತ್ತಿಪ್ಪತ್ತು ಜಾಹೀರಾತು ಸರ್ವರ್‌ಗಳ ಹೆಸರು ಬರುತ್ತವೆ. ಬ್ರೌಸರ್ ಕೂಡ, ನೀವು ಕ್ಲಿಕ್ ಮಾಡಬಹುದು ಅಂತ ಊಹಿಸಿ ಕೆಲವು ಹೆಸರುಗಳನ್ನು ಮೊದಲೇ ಕೇಳಿಟ್ಟುಕೊಳ್ಳುತ್ತದೆ. ಅದನ್ನು ಹಿಡಿದು 'ಈ ಸೈಟಿಗೆ ಹೋಗಿದ್ದಾನೆ' ಅಂತ ಬರೆದರೆ ದೊಡ್ಡ ತಪ್ಪಾಗುತ್ತದೆ.

ರೌಟರ್ ಲಾಗ್ ಇದ್ದರೆ ಅದಕ್ಕೂ ಇದೇ ಮಾತು. ಎಚ್‌ಟಿಟಿಪಿಎಸ್ (ಸೈಟ್ ಜೊತೆಗಿನ ಮಾತುಕತೆಯನ್ನು ಗುಪ್ತವಾಗಿಡುವ ಏರ್ಪಾಡು) ಇರುವುದರಿಂದ ಹೆಚ್ಚೆಂದರೆ ಸೈಟಿನ ಹೆಸರು ಕಾಣುತ್ತದೆ, ಒಳಗಿನ ಪುಟ ಕಾಣುವುದಿಲ್ಲ.

ಪಾಠದ ಕೋಣೆ

ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನನ್ನಿಂದ ಆದ ಒಂದು ತಪ್ಪು ಹೇಳಲೇಬೇಕು. ಮೇಡಂ, ವರದಿ ಬರೆಯುವ ಮೊದಲು ಇದನ್ನು ನೆನಪಿಡಿ.

ಒಮ್ಮೆ ಲ್ಯಾಬಿನ ಒಂದು ಕಂಪ್ಯೂಟರಿನ ಹಿಸ್ಟರಿಯಲ್ಲಿ ತರಗತಿಯ ಸಮಯದಲ್ಲೇ ಜೂಜಿನ ಸೈಟುಗಳು ಕಂಡವು. ಒಂದಲ್ಲ, ನಲವತ್ತಕ್ಕೂ ಜಾಸ್ತಿ. ಆ ಹೊತ್ತಿನಲ್ಲಿ ಅಲ್ಲಿ ಕೂತಿದ್ದ ವಿದ್ಯಾರ್ಥಿನಿಯನ್ನು ಕರೆದು ಕೇಳಿದೆ. ಅವಳು ಅತ್ತಳು. ನಾನು ನಂಬಲಿಲ್ಲ. ಕಣ್ಣೆದುರಿಗೇ ಸಮಯ ಇದೆ, ವಿಳಾಸ ಇದೆ, ಇನ್ನೇನು ಬೇಕು ಅನಿಸಿತ್ತು.

ಎರಡು ದಿನ ಆದಮೇಲೆ ಆ ಹಿಸ್ಟರಿ ಫೈಲಿನ ಕಾಪಿಯನ್ನು ಡಿಬಿ ಬ್ರೌಸರ್ ಅನ್ನುವ, ಡೇಟಾಬೇಸ್ ಫೈಲ್ ತೆರೆದು ತೋರಿಸುವ ಪ್ರೋಗ್ರಾಂನಲ್ಲಿ ತೆರೆದೆ. ಅದರಲ್ಲಿ ವಿಸಿಟ್ ಸೋರ್ಸ್ ಅಂತ ಒಂದು ಟೇಬಲ್ ಇದೆ. ಯಾವ ಭೇಟಿ ಎಲ್ಲಿಂದ ಬಂತು ಅಂತ ಅದರಲ್ಲಿ ಬರೆದಿರುತ್ತದೆ. ಆ ನಲವತ್ತಕ್ಕೂ ಎದುರಿಗೆ 0 ಅಂತ ಇತ್ತು. 0 ಅಂದರೆ ಸಿಂಕ್ ಆಗಿ ಬಂದದ್ದು. ಅಂದರೆ ಬೇರೆ ಯಾರೋ ಹಿಂದೊಮ್ಮೆ ಆ ಕ್ರೋಮ್‌ನಲ್ಲಿ ತಮ್ಮ ಅಕೌಂಟ್‌ಗೆ ಸೈನ್ ಇನ್ ಆಗಿ ಹಾಗೇ ಎದ್ದು ಹೋಗಿದ್ದರು. ಅವರು ಬೇರೆಲ್ಲೋ ಕೂತು ಫೋನಿನಲ್ಲಿ ನೋಡಿದ್ದು ನಮ್ಮ ಲ್ಯಾಬಿನ ಹಿಸ್ಟರಿಗೆ ಬಂದು ಸೇರುತ್ತಿತ್ತು. ಆ ಸೈಟುಗಳನ್ನು ಆ ಕಂಪ್ಯೂಟರ್ ತೆರೆದೇ ಇರಲಿಲ್ಲ.

ಅವಳ ಹತ್ತಿರ ಕ್ಷಮೆ ಕೇಳಿದೆ. ಆದರೆ ಆ ಎರಡು ದಿನವನ್ನು ನಾನು ವಾಪಸ್ ಕೊಡಲು ಆಗುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಹಿಸ್ಟರಿ ಸಿಕ್ಕಿತು ಅಂದ ತಕ್ಷಣ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ.

ಡಿಸ್ಕ್ ಕೆಲಸದವನು

ಇದನ್ನು ಬರೆದದ್ದಕ್ಕೆ ಧನ್ಯವಾದ ಸರ್. ಇದರ ಜೊತೆಗೆ ವಿಸಿಟ್ಸ್ ಟೇಬಲ್‌ನ ಟ್ರಾನ್ಸಿಷನ್ ಕಾಲಂ ಕೂಡ ನೋಡಬೇಕು. ಅಲ್ಲಿರುವ ಸಂಖ್ಯೆಯ ಕೊನೆಯ 8 ಬಿಟ್ ತೆಗೆದುಕೊಂಡರೆ, 0 ಅಂದರೆ ಲಿಂಕ್ ಒತ್ತಿ ಹೋದದ್ದು, 1 ಅಂದರೆ ವಿಳಾಸ ಟೈಪ್ ಮಾಡಿದ್ದು, 8 ಅಂದರೆ ರೀಲೋಡ್. ರೀಡೈರೆಕ್ಟ್ ಆಗಿ ಬಂದದ್ದಕ್ಕೆ ಮೇಲಿನ ಬಿಟ್‌ಗಳಲ್ಲಿ ಗುರುತು ಇರುತ್ತದೆ. ಒಂದು ಕ್ಲಿಕ್‌ಗೆ ಮೂರು ವಿಳಾಸ ದಾಟಿಸಿ ನಾಲ್ಕನೆಯದಕ್ಕೆ ಬಿಡುವ ಜಾಹೀರಾತುಗಳು ಇವೆ. ನಾಲ್ಕನ್ನೂ ಆ ವ್ಯಕ್ತಿಯ ಲೆಕ್ಕಕ್ಕೆ ಬರೆಯುವುದು ನ್ಯಾಯ ಅಲ್ಲ.

ಮನೆಯ ಚಿಂತೆ

ನನ್ನದೂ ಇದೇ ಪ್ರಶ್ನೆ. ನನ್ನ ಪತಿ ಲ್ಯಾಪ್‌ಟಾಪ್‌ನಲ್ಲಿ ಹಿಸ್ಟರಿ ದಿನಾ ಅಳಿಸುತ್ತಾರೆ. ಅವರಿಗೆ ಗೊತ್ತಾಗದ ಹಾಗೆ ನೋಡುವ ದಾರಿ ಯಾರಾದರೂ ಹೇಳುತ್ತೀರಾ? ತುಂಬಾ ಬೇಜಾರಿನಲ್ಲಿ ಇದ್ದೇನೆ.

ಸರ್ವರ್ ಕೋಣೆ

ಅಕ್ಕಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ದಾರಿ ಹೇಳಲಾರೆ. ವಯಸ್ಕರೊಬ್ಬರ ಸ್ವಂತ ಲ್ಯಾಪ್‌ಟಾಪನ್ನು ಅವರಿಗೆ ಹೇಳದೆ ತೆರೆದು ನೋಡುವುದು ಬಹಳಷ್ಟು ದೇಶಗಳಲ್ಲಿ ಅಪರಾಧ, ಗಂಡ ಹೆಂಡತಿ ಅಂದರೂ ಕೂಡ. ಇನ್ನೊಂದು, ನೀವು ಮೇಲೆ ಓದಿದ ಹಾಗೆ ಅಲ್ಲಿ ಸಿಗುವುದು ಅರ್ಧಂಬರ್ಧ ಚೂರುಗಳು. ಬೇಜಾರಿನಲ್ಲಿ ಇರುವಾಗ ಆ ಚೂರುಗಳಲ್ಲಿ ಏನು ಬೇಕಾದರೂ ಕಾಣಿಸುತ್ತದೆ. ದಿನಾ ಹಿಸ್ಟರಿ ಅಳಿಸುವವರಲ್ಲಿ ಅರ್ಧಕ್ಕರ್ಧ ಜನ ಸುಮ್ನೆ ಅಭ್ಯಾಸಕ್ಕೆ ಅಳಿಸುತ್ತಾರೆ ಅಂತ ನನಗನಿಸುತ್ತದೆ, ನಾನೂ ಅಳಿಸುತ್ತೇನೆ. ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಅವರನ್ನೇ ಕೇಳಿ. ಕೇಳೋಕೆ ಭಯ ಅನ್ನುವ ಪರಿಸ್ಥಿತಿ ಇದ್ದರೆ ನಂಬಿಕಸ್ಥರೊಬ್ಬರ ಹತ್ತಿರ ಮೊದಲು ಮಾತಾಡಿ.

ಮನೆಯ ಚಿಂತೆ

ಸರಿ. ಯೋಚನೆ ಮಾಡುತ್ತೇನೆ. ಹೀಗೆ ಹೇಳಿದ್ದಕ್ಕೆ ಥ್ಯಾಂಕ್ಸ್.

ಕಾನೂನು ಕಣ್ಣು

ಲೆಕ್ಕದ ಮೇಜು ಅವರಿಗೆ ಒಂದು ಪ್ರಶ್ನೆ. ಕಂಪ್ಯೂಟರ್ ಕಚೇರಿಯದ್ದು, ಸರಿ. ಆದರೆ ಬಳಕೆಯನ್ನು ಪರಿಶೀಲಿಸುತ್ತೇವೆ ಅಂತ ನಾಲ್ಕು ಜನಕ್ಕೂ ಮೊದಲೇ ತಿಳಿಸಿದ್ದೀರಾ? ಇಲ್ಲದಿದ್ದರೆ ಈಗಲಾದರೂ ಮೇಲಿನವರಿಂದ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ, ನಾಲ್ಕೂ ಜನಕ್ಕೆ ಹೇಳಿ. ಏನು ಹುಡುಕುತ್ತಿದ್ದೀರಿ ಅನ್ನುವುದನ್ನು ಒಂದು ಸಾಲಿನಲ್ಲಿ ಮೊದಲೇ ಬರೆದಿಡಿ. 'ಈ ಇನ್‌ಸ್ಟಾಲರ್ ಎಲ್ಲಿಂದ ಬಂತು, ಹಿಸ್ಟರಿ ಹೇಗೆ ಹೋಯಿತು' ಅಷ್ಟೇ. ದಾರಿಯಲ್ಲಿ ಯಾರದೋ ಬ್ಯಾಂಕು, ಯಾರದೋ ಆಸ್ಪತ್ರೆ, ಯಾರದೋ ಕೆಲಸದ ಅರ್ಜಿ ಕಂಡರೆ ಅದು ನಿಮ್ಮ ವಿಷಯ ಅಲ್ಲ. ದಾಟಿ ಮುಂದೆ ಹೋಗಿ.

ಲೆಕ್ಕದ ಮೇಜು

ಹೇಳಿರಲಿಲ್ಲ. ಇವತ್ತು ನಾಲ್ಕೂ ಜನರನ್ನು ಕೂರಿಸಿ ಹೇಳಿದೆವು, ಅನುಮತಿ ಪತ್ರಕ್ಕೆ ಸಹಿ ಆಯಿತು. ಹುಡುಗ "ಬೇಗ ನೋಡಿ ಮೇಡಂ" ಅಂದ, ಅಷ್ಟೇ.

ಇನ್ನು ಕಾಪಿ ಮಾಡುವುದು ಹೇಗೆ? ಆನ್ ಮಾಡಲೇಬೇಕಲ್ವಾ?

ಡಿಸ್ಕ್ ಕೆಲಸದವನು

ಸರಿಯಾದ ಕ್ರಮ ಅಂದರೆ ಎಸ್‌ಎಸ್‌ಡಿ ಬಿಚ್ಚಿ, ರೈಟ್ ಬ್ಲಾಕರ್ (ಡಿಸ್ಕಿಗೆ ಏನೂ ಬರೆಯದಂತೆ ತಡೆಯುವ ಸಾಧನ) ಮೂಲಕ ಬೇರೆ ಕಂಪ್ಯೂಟರಿಗೆ ಸೇರಿಸಿ, ಎಫ್‌ಟಿಕೆ ಇಮೇಜರ್ ತರಹದ ಸಾಧನದಿಂದ ಪೂರ್ತಿ ಪಡಿಯಚ್ಚು ತೆಗೆಯುವುದು. ಪೊಲೀಸು, ಕೋರ್ಟು ಅಂತ ಹೋಗುವ ವಿಷಯ ಆದರೆ ನೀವು ಕೈ ಹಾಕಲೇಬೇಡಿ, ಬಲ್ಲವರಿಗೆ ಕೊಡಿ.

ಕಚೇರಿಯ ಒಳಗೇ ಮುಗಿಯುವ ವಿಷಯ ಅಂದರೆ ನೆಟ್ ಕೇಬಲ್ ಕಿತ್ತು ಆನ್ ಮಾಡಿ, ಕ್ರೋಮ್ ತೆರೆಯದೆ, ಯೂಸರ್ ಡೇಟಾ ಫೋಲ್ಡರನ್ನು ಇಡಿಯಾಗಿ ಹೊರಗಿನ ಡ್ರೈವ್‌ಗೆ ಕಾಪಿ ಮಾಡಿ. ಹಿಸ್ಟರಿ ಫೈಲ್ ಒಂದನ್ನೇ ಎತ್ತಬೇಡಿ. ಪಕ್ಕದಲ್ಲಿ ಜರ್ನಲ್ ಅಂತ ಕೊನೆಯಾಗುವ ಫೈಲ್ ಇದ್ದರೆ ಅದೂ ಬೇಕು. ಫೈರ್‌ಫಾಕ್ಸ್‌ನಲ್ಲಿ ಅದೇ ತರಹ ವಾಲ್ ಫೈಲ್ ಇರುತ್ತದೆ. ಇನ್ನೂ ಮುಖ್ಯ ಫೈಲಿಗೆ ಸೇರದ ಬದಲಾವಣೆಗಳು ಅದರಲ್ಲಿ ಇರಬಹುದು. ಮೂಲವನ್ನು ಡಿಬಿ ಬ್ರೌಸರ್‌ನಲ್ಲಿ ತೆರೆದು ಮುಚ್ಚಿದರೆ ಅದು ಮುಖ್ಯ ಫೈಲಿಗೆ ಕರಗಿ ಹೋಗುತ್ತದೆ. ಅದಕ್ಕೇ ಎರಡು ಕಾಪಿ ಮಾಡಿ, ಎರಡನೆಯದರ ಮೇಲೆ ಮಾತ್ರ ಕೆಲಸ ಮಾಡಿ. ಮೊದಲನೆಯದರ ಶಾ 256 ಹ್ಯಾಶ್ (ಫೈಲ್ ಒಂದು ಚೂರು ಬದಲಾದರೂ ಬದಲಾಗುವ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಕಾಗದದ ಮೇಲೆ ಬರೆದಿಡಿ. ವಿಂಡೋಸ್‌ನ ಸರ್ಟ್‌ಯುಟಿಲ್ ಸಾಕು.

ಹೊರಗಿನ ಡ್ರೈವ್ ಎನ್‌ಟಿಎಫ್‌ಎಸ್ (ವಿಂಡೋಸ್ ತನ್ನ ಡಿಸ್ಕಿಗೆ ಬಳಸುವ ಫಾರ್ಮ್ಯಾಟ್) ಆಗಿರಲಿ. ಯಾಕೆ ಅಂದರೆ ಡೌನ್‌ಲೋಡ್ ಆದ ಫೈಲಿಗೆ ಅಂಟಿಕೊಂಡು ಝೋನ್ ಐಡೆಂಟಿಫೈಯರ್ ಅಂತ ಒಂದು ಅಡಗಿದ ಚೀಟಿ ಇರುತ್ತದೆ. ಎಷ್ಟೋ ಸಲ ಯಾವ ವಿಳಾಸದಿಂದ ಇಳಿಯಿತು, ಯಾವ ಪುಟದಿಂದ ಹೋದರು ಅಂತ ಅದರಲ್ಲೇ ಇರುತ್ತದೆ. ಸಾಮಾನ್ಯ ಫ್ಯಾಟ್ 32 ಪೆನ್ ಡ್ರೈವ್‌ಗೆ ಹಾಕಿದರೆ ಆ ಚೀಟಿ ಉದುರಿ ಹೋಗುತ್ತದೆ. ನಿಮ್ಮ ಇನ್‌ಸ್ಟಾಲರ್ ಇನ್ನೂ ಇದೆ ಅಂದಿರಿ. ಹಿಸ್ಟರಿ ಇಲ್ಲದಿದ್ದರೂ ಅದು ಎಲ್ಲಿಂದ ಬಂತು ಅನ್ನುವುದು ಗೊತ್ತಾಗಬಹುದು.

ಲೆಕ್ಕದ ಮೇಜು

ಇವತ್ತು ಐದು ಗಂಟೆ ಕೂತೆ. ಸಿಕ್ಕಿದ್ದನ್ನು ಹೇಳುತ್ತೇನೆ.

ಶ್ಯಾಡೋ ಕಾಪಿ ಒಂದೇ ಒಂದು ಇತ್ತು. ಐದು ವಾರದ ಹಿಂದಿನದು, ಯಾವುದೋ ಅಪ್‌ಡೇಟ್ ಸಮಯದಲ್ಲಿ ಆದದ್ದು. ಅದರಿಂದ ಹಿಸ್ಟರಿ ಫೈಲ್ ತೆಗೆದೆ. ತೆರೆಯುವಾಗ ಕೈ ನಡುಗುತ್ತಿತ್ತು. 90 ದಿನದ್ದು ಇರುತ್ತದೆ ಅಂತ ಕಾದಿದ್ದೆ. ಇದ್ದದ್ದು 31 ಸಾಲು ಅಷ್ಟೇ. ಅದೂ ರಾತ್ರಿ ಮೂರೂವರೆಯಿಂದ ಶುರು. ರಾತ್ರಿ ಕಚೇರಿಗೆ ಯಾರು ಬಂದಿದ್ದರು? ಈಗ ನನಗೆ ನಿಜಕ್ಕೂ ಭಯ ಆಗುತ್ತಿದೆ.

ಸರ್ವರ್ ಕೋಣೆ

ಮೇಡಂ, ಗಾಬರಿ ಬೇಡ. ಯಾರೂ ಬಂದಿಲ್ಲ. ಕ್ರೋಮ್ ಸಮಯವನ್ನು ನಮ್ಮ ಗಡಿಯಾರದಲ್ಲಿ ಬರೆಯುವುದಿಲ್ಲ. 1601ರ ಜನವರಿ 1ರಿಂದ ಎಷ್ಟು ಮೈಕ್ರೋಸೆಕೆಂಡ್ ಕಳೆಯಿತು ಅಂತ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಲೆಕ್ಕದಲ್ಲಿ ಬರೆಯುತ್ತದೆ. ಉದಾಹರಣೆಗೆ 13350000000000000 ಅಂತ ಒಂದು ಸಂಖ್ಯೆ ಇದೆ ಅನ್ನಿ. ಹತ್ತು ಲಕ್ಷದಿಂದ ಭಾಗಿಸಿ, 11644473600 ಕಳೆಯಿರಿ. 1705526400 ಬರುತ್ತದೆ. ಅದು 1970ರಿಂದ ಎಣಿಸಿದ ಸೆಕೆಂಡು. ಅಂದರೆ 2024ರ ಜನವರಿ 17, ಯುಟಿಸಿ ಪ್ರಕಾರ 21:20. ಇದನ್ನು ನಿಮ್ಮಲ್ಲಿನ ಸಮಯಕ್ಕೆ ಹೊಂದಿಸಿಕೊಂಡ ಮೇಲೆಯೇ ರಾತ್ರಿಯೋ ಹಗಲೋ ಅನ್ನಬೇಕು. ಫೈರ್‌ಫಾಕ್ಸ್ ನೇರವಾಗಿ 1970ರಿಂದ ಎಣಿಸುತ್ತದೆ, ಸಫಾರಿ 2001ರಿಂದ. ಒಂದರ ಸೂತ್ರ ಇನ್ನೊಂದಕ್ಕೆ ಹಾಕಿದರೆ ಎಲ್ಲಾ ತಲೆಕೆಳಗು.

ಇನ್ನೊಮ್ಮೆ ಲೆಕ್ಕ ಹಾಕಿ. ಮೊದಲ ಸಾಲು ಎಷ್ಟು ಹೊತ್ತಿಗೆ, ಕೊನೆಯ ಸಾಲು ಎಷ್ಟು ಹೊತ್ತಿಗೆ ಅಂತ ಹೇಳಿ.

ಲೆಕ್ಕದ ಮೇಜು

ಅಬ್ಬಾ. ಸರಿಪಡಿಸಿದೆ. ಮೊದಲನೆಯದು ಬೆಳಗ್ಗೆ 9:06, ಕೊನೆಯದು ಮಧ್ಯಾಹ್ನ 1:48. ಎಲ್ಲವೂ ಶ್ಯಾಡೋ ಕಾಪಿ ಆದ ದಿನದ್ದೇ. ಹಿಂದಿನ ದಿನದ್ದು ಏನೂ ಇಲ್ಲ.

ಪಾಠದ ಕೋಣೆ

ಒಂದು ನಿಮಿಷ. ಆ ಶ್ಯಾಡೋ ಕಾಪಿ ಐದು ವಾರದ ಹಿಂದಿನದು ಅಂದಿರಿ. ಹುಡುಗ ಸೇರಿದ್ದು ಮೂರು ವಾರದ ಹಿಂದೆ ಅಲ್ವಾ?

ಲೆಕ್ಕದ ಮೇಜು

ಹೌದು. ಅಯ್ಯೋ, ಹೌದು. ಅವನು ಬರುವ ಎರಡು ವಾರ ಮೊದಲೇ ಹಿಂದಿನ ದಿನದ ಹಿಸ್ಟರಿ ಖಾಲಿ ಆಗಿತ್ತು.

ಸರ್ವರ್ ಕೋಣೆ

ಹಾಗಾದರೆ ಅಳಿಸುತ್ತಿರುವುದು ಮನುಷ್ಯರೇನಾ ಅಂತ ಮೊದಲು ನೋಡಿ. ಎರಡು ಕಡೆ ಹುಡುಕಿ. ಎಡ್ಜ್‌ನಲ್ಲಿ, ಕ್ರೋಮ್ ಪಾಲಿಸಿಯಲ್ಲಿ (ಅಡ್ಮಿನ್ ಹಾಕುವ ನಿಯಮ), ಇಲ್ಲವೇ ಯಾವುದಾದರೂ ಎಕ್ಸ್‌ಟೆನ್ಷನ್‌ನಲ್ಲಿ 'ಮುಚ್ಚಿದಾಗ ಅಳಿಸು' ಅನ್ನುವ ಸೆಟ್ಟಿಂಗ್ ಇದೆಯಾ? ಮತ್ತೆ ಟಾಸ್ಕ್ ಶೆಡ್ಯೂಲರ್ (ಹೇಳಿಟ್ಟ ಹೊತ್ತಿಗೆ ಪ್ರೋಗ್ರಾಂ ತಾನೇ ಓಡಿಸುವ ವಿಂಡೋಸ್ ಸಾಧನ) ತೆರೆದು ನೋಡಿ, ಕ್ಲೀನರ್ ತರಹದ್ದು ಏನಾದರೂ ಇದೆಯಾ? ಇದ್ದರೆ ಪ್ರೀಫೆಚ್‌ನಲ್ಲಿ ಅದರ ಹೆಸರಿನ ಫೈಲ್ ಹುಡುಕಿ. ಆ ಕ್ಲೀನರ್ ಪ್ರೀಫೆಚ್ ಫೋಲ್ಡರನ್ನೂ ಗುಡಿಸದಿದ್ದರೆ ಕೊನೆಯ 8 ಓಟದ ಸಮಯ ಸಿಗುತ್ತದೆ.

ಲೆಕ್ಕದ ಮೇಜು

ಸಿಕ್ಕಿತು.

ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಉಚಿತ ಕ್ಲೀನರ್ ಇದೆ. ಲಾಗಿನ್ ಆದ ತಕ್ಷಣ ಓಡು ಅಂತ ಬರೆದಿದೆ. ಪಕ್ಕದ ಕ್ರಿಯೇಟೆಡ್ ಕಾಲಂನಲ್ಲಿ ಹದಿನಾಲ್ಕು ತಿಂಗಳ ಹಿಂದಿನ ತಾರೀಖು. ಎಸ್‌ಎಸ್‌ಡಿ ಹಾಕಿಸಿ, ಎಲ್ಲಾ ಹೊಸದಾಗಿ ಇನ್‌ಸ್ಟಾಲ್ ಮಾಡಿಸಿದ ವಾರ ಅದು. ಯಾರೋ ಕಂಪ್ಯೂಟರ್ ಹಗುರ ಆಗಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಹಾಕಿರಬೇಕು.

ಪ್ರೀಫೆಚ್‌ನಲ್ಲಿ 8 ಸಮಯ ಸಿಕ್ಕವು. ಪಕ್ಕದಲ್ಲಿ ಕಾಗದ ಇಟ್ಟುಕೊಂಡು 4624 ಟೈಪ್ 2 ಲಾಗಿನ್‌ಗಳ ಜೊತೆ ಒಂದೊಂದಾಗಿ ಹೊಂದಿಸಿದೆ. ಲಾಗಿನ್ 9:01, ಕ್ಲೀನರ್ 9:02. ಲಾಗಿನ್ 8:57, ಕ್ಲೀನರ್ 8:58. ಎಂಟೂ ಹೀಗೇ. ಅದರಲ್ಲಿ ಎರಡು ದಿನ ಹುಡುಗ ರಜದಲ್ಲಿದ್ದ. ಹಾಜರಿ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇದೆ.

ಯಾರೂ ಏನೂ ಅಳಿಸಿರಲಿಲ್ಲ. ಒಂದು ವಾರದಿಂದ ಅವನು ನಾಲ್ಕು ಜನರ ನಡುವೆ ಮುಖ ತಗ್ಗಿಸಿಕೊಂಡು ಕೂತಿದ್ದ. ನಾನೂ ಅವನ ಕಡೆ ನೋಡುವ ರೀತಿ ಬದಲಾಗಿತ್ತು, ಅದು ನನಗೆ ಗೊತ್ತು.

ಸಂಜೆಯ ಬ್ಯಾಚ್

ಓದಿ ಮೈ ಜುಂ ಅಂದಿತು. ಇನ್‌ಸ್ಟಾಲರ್ ಕಥೆ ಏನಾಯಿತು ಮೇಡಂ?

ಲೆಕ್ಕದ ಮೇಜು

ಝೋನ್ ಐಡೆಂಟಿಫೈಯರ್ ಇತ್ತು. ಪಿಡಿಎಫ್ ಜೋಡಿಸುವ ಸಾಧನ ಅಂತ ಸೋಗು ಹಾಕಿದ ಒಂದು ಪುಟದಿಂದ ಇಳಿದದ್ದು. ಫೈಲ್ ಆದ ಸಮಯ ಮಧ್ಯಾಹ್ನ 12:20. ಆ ಹೊತ್ತಿನಲ್ಲಿ ನಾಲ್ಕೂ ಜನ ಕಚೇರಿಯಲ್ಲಿ ಇದ್ದೆವು. ಬೆಳಗ್ಗೆ ಒಮ್ಮೆ ಲಾಗಿನ್ ಆದರೆ ಸಂಜೆ ತನಕ ಅದೇ ಲಾಗಿನ್‌ನಲ್ಲಿ ಎಲ್ಲರೂ ಬಂದು ಕೂರುತ್ತೇವೆ. ಪಿಡಿಎಫ್ ಜೋಡಿಸುವ ಕೆಲಸ ಎಲ್ಲರಿಗೂ ಇರುತ್ತದೆ, ನನಗೇ ಜಾಸ್ತಿ. ಒತ್ತಿದ್ದು ನಾನೇ ಇರಬಹುದು, ನೆನಪಿಲ್ಲ. ಇದಕ್ಕಿಂತ ಮುಂದೆ ಹೋಗುವ ದಾರಿ ಇದೆಯಾ?

ಡಿಸ್ಕ್ ಕೆಲಸದವನು

ಇಲ್ಲ ಮೇಡಂ. ಆ ಬೆರಳು ಯಾರದ್ದು ಅಂತ ಯಾವ ಫೈಲೂ ಹೇಳುವುದಿಲ್ಲ. ಒಂದೇ ಅಕೌಂಟನ್ನು ನಾಲ್ಕು ಜನ ಬಳಸಿದರೆ ಕಂಪ್ಯೂಟರ್ ಪಾಲಿಗೆ ಆ ನಾಲ್ಕೂ ಜನ ಒಬ್ಬರೇ. ವರದಿಯಲ್ಲಿ ಹಾಗೇ ಬರೆಯಿರಿ. ಎಲ್ಲಿಂದ ಬಂತು ಗೊತ್ತಾಗಿದೆ, ಯಾವಾಗ ಬಂತು ಗೊತ್ತಾಗಿದೆ, ಓಡಿಲ್ಲ ಅನ್ನುವುದಕ್ಕೆ ಪ್ರೀಫೆಚ್‌ನಲ್ಲಿ ಅದರ ಹೆಸರು ಇದೆಯಾ ನೋಡಿ. ಯಾರು ಅನ್ನುವ ಜಾಗ ಖಾಲಿ ಬಿಡಿ.

ಲೆಕ್ಕದ ಮೇಜು

ನೋಡಿದೆ, ಇಲ್ಲ. ಓಡಿದ ಗುರುತು ಎಲ್ಲೂ ಸಿಗಲಿಲ್ಲ. ಹಾಗೇ ಬರೆಯುತ್ತೇನೆ.

ಸರ್ವರ್ ಕೋಣೆ

ಮುಂದಕ್ಕೆ ಬೇಕಾದ್ದು ಹೇಳುತ್ತೇನೆ. ನಾಲ್ಕು ಜನಕ್ಕೆ ನಾಲ್ಕು ವಿಂಡೋಸ್ ಅಕೌಂಟ್, ಸಾಮಾನ್ಯ ಯೂಸರ್ ಆಗಿ. ಅಡ್ಮಿನ್ ಬೇರೆ. ಎದ್ದು ಹೋಗುವಾಗ ಲಾಕ್ ಮಾಡುವ ಅಭ್ಯಾಸ. ಆ ಕ್ಲೀನರ್ ತೆಗೆಯಿರಿ. ಇಷ್ಟೇ ಮಾಡಿದರೂ ಮುಂದಿನ ಸಲ ಅನುಮಾನಕ್ಕೆ ಜಾಗ ಕಡಿಮೆ.

ಇನ್ನೂ ಬಿಗಿ ಬೇಕು ಅಂದರೆ ಕ್ರೋಮ್ ಪಾಲಿಸಿಗಳಲ್ಲಿ ಹಿಸ್ಟರಿ ಅಳಿಸದಂತೆ, ಇನ್‌ಕಾಗ್ನಿಟೊ ತೆರೆಯದಂತೆ ಮಾಡಬಹುದು. ಎಡ್ಜ್, ಫೈರ್‌ಫಾಕ್ಸ್‌ನಲ್ಲೂ ಖಾಸಗಿ ವಿಂಡೋ ಮುಚ್ಚುವ ಪಾಲಿಸಿ ಇದೆ. ನಾನಾದರೆ ನಾಲ್ಕು ಜನರ ಕಚೇರಿಗೆ ಅದನ್ನು ಹಾಕುವುದಿಲ್ಲ. ಹಾಕುವುದೇ ಆದರೆ ಹಾಕಿದ್ದೇವೆ ಅಂತ ಮೊದಲು ಎಲ್ಲರಿಗೂ ಹೇಳಿ.

ಲೆಕ್ಕದ ಮೇಜು

ವರದಿ ಕೊಟ್ಟು ಬಂದೆ. ಎರಡು ಪುಟ. ಎಂಟು ಸಮಯಗಳ ಪಟ್ಟಿಯನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟು ತೋರಿಸಿದೆ. ಮೇಲಿನವರು ಎರಡು ಸಲ ಓದಿದರು. ಆಮೇಲೆ ಹುಡುಗನನ್ನು ಕರೆದು ಎಲ್ಲರ ಎದುರಿಗೆ ತಪ್ಪಾಯಿತು ಅಂದರು. ನಾನೂ ಅಂದೆ. ಅವನು ಏನೂ ಮಾತಾಡಲಿಲ್ಲ. ಸಂಜೆ ಹೊರಡುವಾಗ ಬಂದು, ಪ್ರೀಫೆಚ್ ಅಂದರೆ ಏನು ಮೇಡಂ, ನನಗೂ ತೋರಿಸಿ ಅಂದ. ನಾಳೆ ನಾಲ್ಕು ಅಕೌಂಟ್ ಮಾಡುವಾಗ ಜೊತೆಗೆ ಕೂರುತ್ತಾನೆ.

ಕೊನೆಯ ಪ್ರಶ್ನೆ. ಆ ಹೊರಗಿನ ಡ್ರೈವ್ ಇನ್ನೂ ನನ್ನ ಬೀರುವಿನಲ್ಲಿ ಇದೆ. ಎಲ್ಲರ ಕುಕೀ, ಪಾಸ್‌ವರ್ಡ್ ಫೈಲ್ ಎಲ್ಲಾ ಅದರಲ್ಲಿ ಇವೆ. ಏನು ಮಾಡಲಿ?

ಕಾನೂನು ಕಣ್ಣು

ಅದನ್ನು ಎಷ್ಟು ದಿನ ಇಡಬೇಕು ಅಂತ ಮೇಲಿನವರಿಂದ ಒಂದು ತಾರೀಖು ಬರೆಸಿಕೊಳ್ಳಿ. ಅಲ್ಲಿಯ ತನಕ ಬೀಗದಲ್ಲಿ ಇರಲಿ, ಬೀಗದ ಕೈ ಇಬ್ಬರ ಹತ್ತಿರ. ಆ ದಿನ ಬಂದಾಗ ನಾಲ್ಕೂ ಜನರ ಎದುರಿಗೆ ಡ್ರೈವ್ ಪೂರ್ತಿ ಅಳಿಸಿ. ಕ್ವಿಕ್ ಫಾರ್ಮ್ಯಾಟ್ ಸಾಲದು, ಪೂರ್ತಿ ಫಾರ್ಮ್ಯಾಟ್ ಆಗಬೇಕು. ಅಳಿಸಿದ ದಿನವನ್ನು ವರದಿಯ ಕೆಳಗೆ ಬರೆದು ನಾಲ್ಕೂ ಜನರ ಸಹಿ ಹಾಕಿಸಿ.